ಕಚ್ಚಾ ಮೂಲಿಕೆಗಳ ಗುಣಮಟ್ಟ: ಭೌತಿಕ ಪರೀಕ್ಷಾ ವಿಧಾನಗಳ ಪರಿಚಯ

ಚೆನ್ನೈ ಮಹಾನಗರದ ಪಾರ್ಕ್ ಟೌನ್ ಪ್ರದೇಶದಲ್ಲಿರುವ ರಾಸಪ್ಪ ಚೆಟ್ಟಿ ಬೀದಿಯು ಬೇರು, ತೊಗಟೆ, ಕಾಯಿ, ಅಂಟುಗಳ ವ್ಯಾಪಾರಕ್ಕೆ ಹೆಸರಾದುದು. ಮೈಲಾಪುರದ ಕಚೇರಿ ರಸ್ತೆಯ ಡಬ್ಬಾ ಚೆಟ್ಟಿ ಅಂಗಡಿಯನ್ನು ಅರಿಯದ ಹಳೆಯ ಮದರಾಸಿನ ಕುಟುಂಬಗಳು ವಿರಳ. ತಮಿಳಿನಲ್ಲಿ ‘ನಾಟ್ಟು ಮರುಂದು ಕಡೈ’ ಎಂದು ಕರೆಯಲ್ಪಡುವ ಈ ಮಳಿಗೆಗಳು ಕನ್ನಡನಾಡಿನ ಗ್ರಂಥಿಗೆ ಅಂಗಡಿಗಳ ಸೋದರ ಸಂಸ್ಥೆಗಳೇ ಸರಿ. ಬಾಣಂತಿಯ ಲೇಹ್ಯಕ್ಕೆ, ಮಗುವಿನ ಬಜೆಗೆ, ಕೆಮ್ಮಿನ ಕಷಾಯಕ್ಕೆ ಬೇಕಾದ ಸಾಮಗ್ರಿಗಳನ್ನು ನಗರದ ಕನ್ನಡಿಗರಾದ ನಾವು ಇಲ್ಲಿಂದಲೇ ತರುತ್ತೇವೆ.

ಆದರೆ ಹೀಗೆ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ತಂದ ಬೇರು ನಾವು ಕೇಳಿದ ಬೇರೇ ಹೌದೇ? ಹೌದಾದರೆ ಅದರಲ್ಲಿ ಸತ್ತ್ವವು ಉಳಿದಿದೆಯೇ? ಅದರೊಡನೆ ಮಣ್ಣು, ಕಲ್ಲು, ಬೂಷ್ಟು ಎಷ್ಟರ ಮಟ್ಟಿಗೆ ಬೆರೆತಿದೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ನೀಡುವ ಶಾಸ್ತ್ರವೇ ಮೂಲಿಕಾ ದ್ರವ್ಯಗಳ ಗುಣಮಟ್ಟ ಪರೀಕ್ಷೆ. ಅದರಲ್ಲಿ ತೂಕ, ಉಷ್ಣತೆ, ಬೆಳಕು, ನೀರು ಇವುಗಳನ್ನೇ ಮುಖ್ಯ ಸಾಧನಗಳನ್ನಾಗಿ ಬಳಸುವ ಭೌತಿಕ ವಿಧಾನಗಳನ್ನು ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ದ್ರವ್ಯವನ್ನು ಪರೀಕ್ಷಿಸದೆ ಬಳಸಬಾರದೆಂಬ ವಿವೇಕವು ನಮ್ಮ ನಾಡಿಗೆ ಹೊಸದಲ್ಲ. ಚರಕಸಂಹಿತೆಯ ವಿಮಾನಸ್ಥಾನವು ಔಷಧದ್ರವ್ಯದ ಸ್ವಭಾವ ಮತ್ತು ಗುಣಗಳೊಂದಿಗೆ, ಅದು ಬೆಳೆದ ನೆಲ, ಕೊಯ್ದ ಋತು, ಸಂಗ್ರಹಿಸಿದ ರೀತಿ, ಕಾಪಿಟ್ಟ ಬಗೆ, ಸಂಸ್ಕರಿಸಿದ ಕ್ರಮ ಇವೆಲ್ಲವನ್ನೂ ಪರಿಶೀಲಿಸಬೇಕೆಂದು ವಿಧಿಸುತ್ತದೆ. ಇಂದಿನ ಪ್ರಯೋಗಶಾಲೆಯು ಇದೇ ವಿಚಾರಣೆಯನ್ನು ಅಂಕಿಗಳ ಮೂಲಕ ನಡೆಸುತ್ತದೆ.

ಈ ಇತಿಹಾಸದಲ್ಲಿ ಮದರಾಸಿಗೆ ಗೌರವದ ಸ್ಥಾನವಿದೆ. ತಿರುವಲ್ಲಿಕ್ಕೇಣಿಯ ಔಷಧಾಲಯದಲ್ಲಿ ಸೇವೆ ಸಲ್ಲಿಸಿದ ವೈದ್ಯ ಮೊಹಿದೀನ್ ಷರೀಫ್ ಅವರು 1869ರಲ್ಲಿ ‘ಭಾರತೀಯ ಔಷಧಕೋಶ’ಕ್ಕೆ ಒಂದು ಪುರವಣಿಯನ್ನು ಮದರಾಸಿನಿಂದ ಪ್ರಕಟಿಸಿದರು. ಮೂಲಿಕೆಗಳ ಹೆಸರುಗಳನ್ನು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಹೋಲಿಸಿ ಕೊಟ್ಟದ್ದು ಆ ಗ್ರಂಥದ ವೈಶಿಷ್ಟ್ಯ. ಮುಂದೆ 1921ರಲ್ಲಿ ಮದರಾಸು ಸರ್ಕಾರವು ದೇಶೀಯ ವೈದ್ಯಪದ್ಧತಿಗಳ ಬಗ್ಗೆ ಮುಹಮ್ಮದ್ ಉಸ್ಮಾನ್ ಅವರ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದಾಗ ಅದರ ಕಾರ್ಯದರ್ಶಿಯಾಗಿದ್ದವರು ಕ್ಯಾಪ್ಟನ್ ಜಿ. ಶ್ರೀನಿವಾಸಮೂರ್ತಿ ಅವರು. ಸಮಿತಿಯ ಶಿಫಾರಸಿನ ಫಲವಾಗಿ ಆರಂಭವಾದ ಸರ್ಕಾರಿ ಭಾರತೀಯ ವೈದ್ಯಶಾಲೆಗೆ ಅವರೇ ಮೊದಲ ಮುಖ್ಯಸ್ಥರಾದರು. ಅರುಂಬಾಕ್ಕಂನಲ್ಲಿರುವ ಕೇಂದ್ರೀಯ ಆಯುರ್ವೇದ ಸಂಶೋಧನಾ ಸಂಸ್ಥೆಯು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಅದೇ ಅರುಂಬಾಕ್ಕಂನಲ್ಲಿ ಕೇಂದ್ರೀಯ ಸಿದ್ಧ ಸಂಶೋಧನಾ ಸಂಸ್ಥೆಯೂ, ತಾಂಬರಂನಲ್ಲಿ 2005ರಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ಸಿದ್ಧ ಸಂಸ್ಥೆಯೂ ಇವೆ. ವೈದ್ಯರೇ ಸೇರಿ 1944ರಲ್ಲಿ ಕಟ್ಟಿದ ‘ಇಂಪ್‌ಕಾಪ್ಸ್’ ಸಹಕಾರಿ ಔಷಧಾಲಯವು ತಿರುವಾನ್ಮಿಯೂರಿನಲ್ಲಿದೆ.

ಭಾರತೀಯ ಆಯುರ್ವೇದ ಔಷಧಕೋಶದ ಮೊದಲ ಸಂಪುಟವು 1980ರ ದಶಕದ ಕೊನೆಯಲ್ಲಿಯೂ, ಸಿದ್ಧ ಔಷಧಕೋಶದ ಮೊದಲ ಸಂಪುಟವು 2008ರಲ್ಲಿಯೂ ಹೊರಬಂದವು. ಒಂದೊಂದು ಮೂಲಿಕೆಗೂ ಇರಬೇಕಾದ ಲಕ್ಷಣಗಳನ್ನೂ ಮೀರಬಾರದ ಮಿತಿಗಳನ್ನೂ ಇವು ನಿಗದಿಪಡಿಸುತ್ತವೆ. ಈ ಮಿತಿಗಳು ಔಷಧ ತಯಾರಕರನ್ನು ಕಟ್ಟಿಹಾಕುತ್ತವೆ. ಆದರೆ ಆಯುರ್ವೇದ, ಸಿದ್ಧ ಔಷಧಗಳ ತಯಾರಿಕೆಗೆ ಪರವಾನಗಿ ಅಗತ್ಯವಿರುವಂತೆ ಮಾರಾಟಕ್ಕೆ ಪರವಾನಗಿಯ ಅಗತ್ಯವಿಲ್ಲ. ಬಿಡಿಯಾಗಿ ತೂಗಿ ಕೊಡುವ ಬೇರಿನ ವಿಷಯದಲ್ಲಿ ಎಚ್ಚರಿಕೆಯ ಹೊಣೆಯು ಬಹುಮಟ್ಟಿಗೆ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಮೊದಲ ಹೆಜ್ಜೆ: ಹೆಸರಿನ ನಿಶ್ಚಯ

ಎರಡು ಭಾಷೆಗಳ ನಡುವೆ ಬದುಕುವ ನಮಗೆ ಹೆಸರಿನ ಗೊಂದಲವೇ ಮೊದಲ ಅಪಾಯ. ಅಳಲೆಕಾಯಿಯು ತಮಿಳಿನಲ್ಲಿ ಕಡುಕ್ಕಾಯ್, ಬಜೆಯು ವಸಂಬು, ಅಮೃತಬಳ್ಳಿಯು ಸೀಂದಿಲ್, ಲಾವಂಚವು ವೆಟ್ಟಿವೇರ್, ಅಶ್ವಗಂಧವು ಅಮುಕ್ಕರಾ. ಇವು ಕೇವಲ ಬೇರೆ ಹೆಸರುಗಳಾದ್ದರಿಂದ ಕೇಳಿ ತಿಳಿದರೆ ಸಾಕು. ಒಂದೇ ಬಗೆಯಾಗಿ ಕೇಳಿಸಿ ಬೇರೆ ವಸ್ತುವನ್ನು ಸೂಚಿಸುವ ಹೆಸರುಗಳು ಹೆಚ್ಚು ತೊಡಕಿನವು. ತಮಿಳಿನ ಇಲವಂಗಪ್ಪಟ್ಟೈ ನಮ್ಮ ದಾಲ್ಚಿನ್ನಿ. ನಮ್ಮ ಲವಂಗಕ್ಕೆ ಇಲ್ಲಿ ಕಿರಾಂಬು ಎಂಬುದು ಬಳಕೆಯ ಮಾತು.

ಒಂದೇ ಭಾಷೆಯೊಳಗೂ ಗೊಂದಲವುಂಟು. ಕನ್ನಡನಾಡಿನ ಅನೇಕ ಮನೆಗಳಲ್ಲಿ ಬ್ರಾಹ್ಮಿಯೆಂದರೆ ಒಂದೆಲಗ. ಆಯುರ್ವೇದ ಔಷಧಕೋಶದಲ್ಲಿ ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿ. ಒಂದೆಲಗಕ್ಕೆ ಅಲ್ಲಿ ಮಂಡೂಕಪರ್ಣಿ ಎಂಬ ಬೇರೆ ಹೆಸರಿದೆ. ಎರಡೂ ತೇವದ ನೆಲದ ಗಿಡಗಳೇ ಆದರೂ ಕುಲ, ರೂಪ, ಸಾರ ಮೂರೂ ಬೇರೆ. ಆದ್ದರಿಂದಲೇ ಪ್ರಯೋಗಶಾಲೆಗಳು ಲ್ಯಾಟಿನ್ ಸಸ್ಯನಾಮವನ್ನು ಮೊದಲು ಕೇಳುತ್ತವೆ.

ಇಂದ್ರಿಯಗಳ ಪರೀಕ್ಷೆ

ಬಣ್ಣ, ಗಾತ್ರ, ಮೇಲ್ಮೈ, ಮುರಿದಾಗ ಕಾಣುವ ಒಳಭಾಗ, ವಾಸನೆ, ರುಚಿ ಇವುಗಳಿಂದ ದ್ರವ್ಯವನ್ನು ಗುರುತಿಸುವುದು ಅತ್ಯಂತ ಪ್ರಾಚೀನ ವಿಧಾನ. ನುರಿತ ವ್ಯಾಪಾರಿಯ ಕಣ್ಣು ಮೂಗುಗಳು ಇಲ್ಲಿ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಕೆಲವು ಉದಾಹರಣೆಗಳನ್ನು ಗಮನಿಸಬಹುದು.

ಅಮೃತಬಳ್ಳಿ: ಕೊರೋನಾ ಕಾಲದಲ್ಲಿ ಇದರ ಬಳಕೆ ಅಪಾರವಾಗಿ ಹೆಚ್ಚಿತು. ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳು 2021ರಲ್ಲಿ ಮುಂಬಯಿಯಿಂದ ಬಂದವು. ಕೇಂದ್ರ ಆಯುಷ್ ಸಚಿವಾಲಯವು 2022ರ ಫೆಬ್ರವರಿಯಲ್ಲಿ ಹೊರಡಿಸಿದ ಸೂಚನೆಯಲ್ಲಿ ನಿಜವಾದ ಅಮೃತಬಳ್ಳಿಯು ಸುರಕ್ಷಿತವೆಂದು ಹೇಳಿ, ಅದನ್ನೇ ಹೋಲುವ ಟೈನೊಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿಯ ಬಗ್ಗೆ ಎಚ್ಚರಿಸಿತು. ಎರಡರ ವ್ಯತ್ಯಾಸವನ್ನು ಹಸಿಯ ಕಾಂಡದಲ್ಲಿ ಕಣ್ಣಿನಿಂದಲೇ ಕಾಣಬಹುದು. ಕ್ರಿಸ್ಪಾದ ಕಾಂಡದ ಮೇಲೆ ನರುಲಿಗಳಂತೆ ಉಬ್ಬಿದ ಗಂಟುಗಳು ದಟ್ಟವಾಗಿರುತ್ತವೆ. ಕತ್ತರಿಸಿದರೆ ಹಾಲಿನಂತಹ ರಸ ಒಸರುತ್ತದೆ. ಅಮೃತಬಳ್ಳಿಯಲ್ಲಿ ಇವೆರಡೂ ಇಲ್ಲ. ಪುಡಿಯಾದ ಮೇಲೆ ಈ ಗುರುತುಗಳೆಲ್ಲವೂ ಅಳಿಸಿಹೋಗುತ್ತವೆ. ಯಕೃತ್ತಿನ ತೊಂದರೆಯುಳ್ಳವರು ಯಾವುದೇ ಬಳ್ಳಿಯ ಕಷಾಯವನ್ನಾದರೂ ವೈದ್ಯರನ್ನು ಕೇಳದೆ ಸೇವಿಸಬಾರದೆಂಬುದನ್ನು ಇಲ್ಲಿಯೇ ಹೇಳಬಯಸುತ್ತೇವೆ.

ಚಕ್ರಮೊಗ್ಗು: ಬಿರಿಯಾನಿಗೂ ಕಷಾಯಕ್ಕೂ ಬಳಕೆಯಾಗುವ ಈ ಕಾಯಿಯಲ್ಲಿ ಸಾಮಾನ್ಯವಾಗಿ ಎಂಟು ದೋಣಿಯಾಕಾರದ ಎಸಳುಗಳಿದ್ದು ಸೋಂಪಿನ ಸಿಹಿವಾಸನೆಯಿರುತ್ತದೆ. ಇದರ ಜಪಾನೀ ಸೋದರ ಜಾತಿಯು ನರಮಂಡಲಕ್ಕೆ ವಿಷಕಾರಿ. ಅದು ಗಾತ್ರದಲ್ಲಿ ಚಿಕ್ಕದು, ಎಸಳಿನ ತುದಿ ಕೊಕ್ಕಿನಂತೆ ಬಾಗಿರುತ್ತದೆ, ಸೋಂಪಿನ ವಾಸನೆಯಿರುವುದಿಲ್ಲ. ಇಂತಹ ಬೆರಕೆಯ ಶಂಕೆಯಿಂದಲೇ ಅಮೆರಿಕದ ಔಷಧ ಆಡಳಿತವು 2003ರಲ್ಲಿ ಚಕ್ರಮೊಗ್ಗಿನ ಚಹಾದ ಬಗ್ಗೆ, ವಿಶೇಷವಾಗಿ ಶಿಶುಗಳಿಗೆ ಅದನ್ನು ಕುಡಿಸುವ ಬಗ್ಗೆ, ಎಚ್ಚರಿಕೆ ನೀಡಿತು.

ಸೊಗದೆ ಬೇರು: ಬೇಸಿಗೆಯಲ್ಲಿ ಚೆನ್ನೈ ಕುಡಿಯುವ ನನ್ನಾರಿ ಶರಬತ್ತು ಈ ಬೇರಿನದು. ಇದರ ಸ್ಥಾನದಲ್ಲಿ ಮಾಕಳಿ ಬೇರನ್ನು ಬಳಸುವುದು ಸರ್ವೇಸಾಮಾನ್ಯ. ಮಾಕಳಿ ಬೇರಿನ ಉಪ್ಪಿನಕಾಯಿಯನ್ನು ಬಲ್ಲವರಿಗೆ ಅದರ ಗಾಢವಾದ ಪರಿಮಳವೂ ಗೊತ್ತು. ಎರಡೂ ಬೇರುಗಳಲ್ಲಿ ಪರಿಮಳಕ್ಕೆ ಮುಖ್ಯ ಕಾರಣವಾದ ರಾಸಾಯನಿಕವು ಒಂದೇ ಆದುದರಿಂದ ಮೂಗು ಇಲ್ಲಿ ಸೋಲುತ್ತದೆ. ಕಣ್ಣು ಗೆಲ್ಲುತ್ತದೆ: ಸೊಗದೆ ಬೇರು ತಂತಿಯಂತೆ ತೆಳುವಾಗಿ, ಕಡುಕಂದು ತೊಗಟೆಯಲ್ಲಿ ಅಡ್ಡ ಬಿರುಕುಗಳೊಡನೆ ಗಟ್ಟಿಯಾದ ಒಳತಿರುಳನ್ನು ಹೊಂದಿರುತ್ತದೆ, ಮಾಕಳಿ ಬೇರು ದಪ್ಪವಾಗಿ, ಗೆಣಸಿನಂತೆ ಮಾಂಸಲವಾಗಿರುತ್ತದೆ.

ಅಶೋಕದ ತೊಗಟೆ: ಔಷಧಕ್ಕೆ ಬೇಕಾದುದು ಕೆಂಪು ಹೂವಿನ ಸೀತಾಶೋಕ. ಅದರ ಸ್ಥಾನದಲ್ಲಿ ಚೆನ್ನೈನ ಮನೆಗಳ ಕಾಂಪೌಂಡುಗಳ ಉದ್ದಕ್ಕೂ ಕಂಬದಂತೆ ನಿಂತಿರುವ ನೆಟ್ಟಿಲಿಂಗಂ ಮರದ ತೊಗಟೆಯು ಮಾರುಕಟ್ಟೆಗೆ ಬರುವುದುಂಟು. ಉತ್ತರ ಭಾರತದಲ್ಲಿ ಈ ಮರವನ್ನೂ ಅಶೋಕವೆಂದೇ ಕರೆಯುವುದು ಗೊಂದಲದ ಮೂಲ.

ಮಾದರಿ ತೆಗೆಯುವುದು ಮತ್ತು ಅನ್ಯವಸ್ತು

ಪ್ರಯೋಗಶಾಲೆಯ ಕೆಲಸವು ಮಾದರಿ ತೆಗೆಯುವುದರಿಂದ ಆರಂಭವಾಗುತ್ತದೆ. ಮೂಟೆಯ ಮೇಲ್ಭಾಗದ ಒಂದು ಹಿಡಿ ಇಡೀ ಮೂಟೆಯನ್ನು ಪ್ರತಿನಿಧಿಸದು. ದೂಳು ಮತ್ತು ಕಲ್ಲು ತಳಕ್ಕೆ ಇಳಿದಿರುತ್ತವೆ. ಆದ್ದರಿಂದ ಮೇಲೆ, ನಡುವೆ, ಕೆಳಗೆ ತೆಗೆದ ಮಾದರಿಗಳನ್ನು ಕೂಡಿಸಿ ರಾಶಿ ಮಾಡಿ, ಚಪ್ಪಟೆಗೊಳಿಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಉಳಿಸಿಕೊಂಡು ಮತ್ತೆ ಕಲಸುತ್ತಾರೆ. ಬೇಕಾದ ಪ್ರಮಾಣಕ್ಕೆ ಇಳಿಯುವವರೆಗೆ ಇದನ್ನು ಪುನರಾವರ್ತಿಸುತ್ತಾರೆ.

ನಂತರ 100ರಿಂದ 500 ಗ್ರಾಂ ದ್ರವ್ಯವನ್ನು ತೆಳುವಾಗಿ ಹರಡಿ, ಬರಿಗಣ್ಣಿನಿಂದಲೂ ಆರು ಪಟ್ಟು ಹಿಗ್ಗಿಸುವ ಮಸೂರದಿಂದಲೂ ನೋಡಿ ಕಲ್ಲು, ಕಡ್ಡಿ, ಕೀಟ, ಬೇರೆ ಗಿಡದ ಭಾಗ ಇವನ್ನು ಹೆಕ್ಕಿ ತೂಗಲಾಗುತ್ತದೆ. ಒಣಶುಂಠಿಗೆ ಈ ಅನ್ಯವಸ್ತುವಿನ ಮಿತಿ ಶೇ. 1, ಅಶ್ವಗಂಧಕ್ಕೆ ಶೇ. 2. ನಮ್ಮ ಅಜ್ಜಿಯರು ಮೊರದಲ್ಲಿ ಕೇರಿ ಹಸನು ಮಾಡುತ್ತಿದ್ದ ಕೆಲಸದ ಲೆಕ್ಕಾಚಾರದ ರೂಪವಿದು.

ತೇವಾಂಶ

ಮೂಲಿಕೆಯಲ್ಲಿ ತೇವ ಹೆಚ್ಚಿದರೆ ಮೂರು ನಷ್ಟಗಳು: ಕೊಳ್ಳುವವರು ನೀರಿಗೆ ಹಣ ತೆರುತ್ತಾರೆ, ಸಸ್ಯದೊಳಗಿನ ಕಿಣ್ವಗಳು ಸಾರವನ್ನು ಕೆಡಿಸುತ್ತವೆ, ಬೂಷ್ಟು ಬೆಳೆಯುತ್ತದೆ. ಕೆಲವು ಬೂಷ್ಟುಗಳು ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷವು ಯಕೃತ್ತಿಗೆ ಮಾರಕ. ಕುದಿಸಿದ ಮಾತ್ರಕ್ಕೆ ಅದು ನಾಶವಾಗುವುದಿಲ್ಲ. ಕಡಲ ತೀರದ ಚೆನ್ನೈನಲ್ಲಿ, ಅದರಲ್ಲಿಯೂ ಈಶಾನ್ಯ ಮಾರುತದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯಲ್ಲಿ, ಒಣಗಿದ ಬೇರು ಗಾಳಿಯ ತೇವವನ್ನೇ ಹೀರಿ ಮೆತ್ತಗಾಗುತ್ತದೆ.

ತೇವಾಂಶವನ್ನು ಅಳೆಯುವ ಸರಳ ಕ್ರಮವಿದು. 10 ಗ್ರಾಂ ದ್ರವ್ಯವನ್ನು ನಿಖರವಾಗಿ ತೂಗಿ 105 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 5 ಗಂಟೆ ಒಣಗಿಸಿ ಮತ್ತೆ ತೂಗುವುದು. ಆನಂತರ ಗಂಟೆಗೊಮ್ಮೆ ತೂಗುತ್ತಾ, ಎರಡು ತೂಕಗಳ ನಡುವಣ ವ್ಯತ್ಯಾಸವು ಶೇ. 0.25ಕ್ಕೆ ಮೀರದ ಹಂತದವರೆಗೆ ಮುಂದುವರಿಸುವುದು. ಆದರೆ ಲವಂಗ, ಏಲಕ್ಕಿಯಂತಹ ಸುಗಂಧದ್ರವ್ಯಗಳಲ್ಲಿ ನೀರಿನೊಡನೆ ತೈಲವೂ ಹಾರಿಹೋಗುವುದರಿಂದ ಈ ವಿಧಾನವು ತಪ್ಪು ಲೆಕ್ಕವನ್ನು ನೀಡುತ್ತದೆ. ಅಂತಹ ದ್ರವ್ಯಗಳನ್ನು ಟಾಲ್ವೀನ್ ದ್ರಾವಕದೊಡನೆ ಕುದಿಸಿ, ಆವಿಯನ್ನು ತಣಿಸಿ, ಬೇರ್ಪಟ್ಟ ನೀರನ್ನಷ್ಟೇ ಗೀಟು ಹಾಕಿದ ನಳಿಗೆಯಲ್ಲಿ ಅಳೆಯುತ್ತಾರೆ.

ಬೂದಿಯ ಸಾಕ್ಷ್ಯ

ಸಸ್ಯವನ್ನು ಸುಟ್ಟಾಗ ಉಳಿಯುವ ಬೂದಿಯು ಅದರೊಳಗಿನ ಖನಿಜಗಳ ಮೊತ್ತ. ಪ್ರತಿಯೊಂದು ಮೂಲಿಕೆಗೂ ಇದು ಹೆಚ್ಚುಕಡಿಮೆ ನಿಶ್ಚಿತವಾದ ವ್ಯಾಪ್ತಿಯಲ್ಲಿರುತ್ತದೆ. ಮಣ್ಣು, ಮರಳು, ಸುಣ್ಣ, ಸೀಮೆಸುಣ್ಣದ ಪುಡಿ ಬೆರೆತರೆ ಅದು ಏರುತ್ತದೆ. 2ರಿಂದ 3 ಗ್ರಾಂ ಪುಡಿಯನ್ನು ಮೂಸೆಯಲ್ಲಿಟ್ಟು 450 ಡಿಗ್ರಿಗೆ ಮೀರದ ಉಷ್ಣತೆಯಲ್ಲಿ ಇದ್ದಿಲಿನ ಅಂಶ ಉಳಿಯದಂತೆ ಸುಡುವುದು ಔಷಧಕೋಶದ ಕ್ರಮ. ಹೀಗೆ ದೊರೆತುದು ‘ಒಟ್ಟು ಬೂದಿ’. ಇದನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದೊಡನೆ ಐದು ನಿಮಿಷ ಕುದಿಸಿ ಸೋಸಿದಾಗ ಸಸ್ಯದ ಸಹಜ ಲವಣಗಳು ಕರಗಿಹೋಗಿ, ಮುಖ್ಯವಾಗಿ ಮರಳಿನ ಅಂಶವು ಉಳಿಯುತ್ತದೆ. ಇದು ‘ಆಮ್ಲದಲ್ಲಿ ಕರಗದ ಬೂದಿ’.

ಒಣಶುಂಠಿಗೆ ಒಟ್ಟು ಬೂದಿಯ ಮಿತಿ ಶೇ. 6, ಆಮ್ಲದಲ್ಲಿ ಕರಗದ ಬೂದಿಯ ಮಿತಿ ಶೇ. 1.5. ಲೆಕ್ಕವನ್ನು ಮಾಡಿ ನೋಡೋಣ. 3 ಗ್ರಾಂ ಶುಂಠಿಪುಡಿಯಿಂದ 0.24 ಗ್ರಾಂ ಬೂದಿ ಬಂದರೆ ಅದು ಶೇ. 8, ಮಿತಿ ಮೀರಿದೆ. ಆಮ್ಲದ ನಂತರ 0.09 ಗ್ರಾಂ ಉಳಿದರೆ ಅದು ಶೇ. 3, ಬೇರನ್ನು ಸರಿಯಾಗಿ ತೊಳೆದಿಲ್ಲ ಅಥವಾ ಮರಳು ಬೆರೆತಿದೆ. ಆಮ್ಲದ ನಂತರ ಕೇವಲ 0.03 ಗ್ರಾಂ ಉಳಿದಿದ್ದರೆ ತೀರ್ಮಾನವು ಬೇರೆ: ಹೆಚ್ಚುವರಿ ಬೂದಿಯು ಆಮ್ಲದಲ್ಲಿ ಕರಗುವಂಥದು. ಬೆಳ್ಳಗೆ ಕಾಣಲೆಂದು ಅಥವಾ ಹುಳು ಹಿಡಿಯದಿರಲೆಂದು ಶುಂಠಿಗೆ ಸುಣ್ಣ ಸವರಿರುವ ಸಾಧ್ಯತೆಯನ್ನು ಅದು ಸೂಚಿಸುತ್ತದೆ. ಹೀಗೆ ಎರಡು ಅಂಕಿಗಳನ್ನು ಜೊತೆಯಾಗಿ ಓದಿದಾಗ ಕಲಬೆರಕೆಯ ಬಗೆಯೇ ಬಯಲಾಗುತ್ತದೆ.

ಕರಗುವ ಸಾರ

ಒಮ್ಮೆ ಕಷಾಯ ತೆಗೆದ ಚರಟವನ್ನು ಒಣಗಿಸಿ ಮತ್ತೆ ಮಾರಿದರೆ ನೋಟದಲ್ಲಿ ಅದು ಅಸಲಿ ಮೂಲಿಕೆಯೇ. ಬೂದಿಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಬಹುದು. ಅದನ್ನು ಹಿಡಿಯುವುದು ಸಾರದ ಪರೀಕ್ಷೆ. 5 ಗ್ರಾಂ ಪುಡಿಯನ್ನು 100 ಮಿಲಿಲೀಟರ್ ಮದ್ಯಸಾರದಲ್ಲಿ ಹಾಕಿ, ಮೊದಲ 6 ಗಂಟೆ ಆಗಾಗ ಕುಲುಕುತ್ತಾ, ಉಳಿದ 18 ಗಂಟೆ ಅಲುಗಿಸದೆ ಇಟ್ಟು, ಸೋಸಿ, 25 ಮಿಲಿಲೀಟರ್ ದ್ರವವನ್ನು ಆವಿ ಮಾಡಿ ಉಳಿದ ಸಾರವನ್ನು ತೂಗುತ್ತಾರೆ. ನೀರಿನಲ್ಲಿ ಕರಗುವ ಸಾರಕ್ಕೂ ಇದೇ ಕ್ರಮ. ಕೊಳೆಯದಂತೆ ನೀರಿಗೆ ಸ್ವಲ್ಪ ಕ್ಲೋರೋಫಾರ್ಮ್ ಬೆರೆಸಲಾಗುತ್ತದೆ.

ಇಲ್ಲಿ ಮಿತಿಯು ಕನಿಷ್ಠದ್ದು. ಅಳಲೆಕಾಯಿಯಲ್ಲಿ ಮದ್ಯಸಾರದಲ್ಲಿ ಕರಗುವ ಸಾರ ಶೇ. 40ಕ್ಕೂ, ನೀರಿನಲ್ಲಿ ಕರಗುವ ಸಾರ ಶೇ. 60ಕ್ಕೂ ಕಡಿಮೆಯಿರಕೂಡದು. ಅತಿಮಧುರಕ್ಕೆ ಇವು ಕ್ರಮವಾಗಿ 10 ಮತ್ತು 20. ಒಣಶುಂಠಿಗೆ 3 ಮತ್ತು 10. ಒಗರಿನ ಟ್ಯಾನಿನ್ ತುಂಬಿದ ಅಳಲೆಕಾಯಿಗೂ ಪಿಷ್ಟ ತುಂಬಿದ ಶುಂಠಿಗೂ ಎಷ್ಟು ಅಂತರವಿದೆಯೆಂಬುದನ್ನು ಈ ಅಂಕಿಗಳೇ ತೋರಿಸುತ್ತವೆ. ತ್ರಿಫಲಾ ಚೂರ್ಣದಲ್ಲಿ ಅಗ್ಗದ ಹೊಟ್ಟು ಬೆರೆತರೆ ಮೊದಲು ಕುಸಿಯುವುದು ಈ ಅಂಕಿಯೇ.

ಆವಿಶೀಲ ತೈಲ

ಲವಂಗ, ಓಮ, ಏಲಕ್ಕಿ, ದಾಲ್ಚಿನ್ನಿಗಳ ಜೀವಾಳವು ಅವುಗಳ ಸುಗಂಧ ತೈಲ. 1928ರಲ್ಲಿ ಕ್ಲೆವೆಂಜರ್ ಅವರು ವಿವರಿಸಿದ ಗಾಜಿನ ಉಪಕರಣದಲ್ಲಿ ದ್ರವ್ಯವನ್ನು ನೀರಿನೊಡನೆ ಕುದಿಸಿ, ಆವಿಯೊಡನೆ ಬಂದ ತೈಲವನ್ನು ತಣಿಸಿ ಗೀಟುಗಳಿಂದ ಅಳೆಯುವ ಕ್ರಮವು ಇಂದಿಗೂ ಬಳಕೆಯಲ್ಲಿದೆ. ಔಷಧಕೋಶದ ಪ್ರಕಾರ 100 ಗ್ರಾಂ ಲವಂಗದಿಂದ ಕನಿಷ್ಠ 15 ಮಿಲಿಲೀಟರ್ ತೈಲವು ದೊರೆಯಬೇಕು.

ತೈಲ ಹಿಂಡಿದ ಲವಂಗವನ್ನು ಮನೆಯಲ್ಲಿಯೇ ಶಂಕಿಸಬಹುದು. ಒಳ್ಳೆಯ ಲವಂಗವು ನೀರಿನಲ್ಲಿ ಮುಳುಗುತ್ತದೆ ಅಥವಾ ತಲೆ ಮೇಲಾಗಿ ನೇರವಾಗಿ ನಿಲ್ಲುತ್ತದೆ. ತೈಲ ಕಳೆದುಕೊಂಡದ್ದು ಅಡ್ಡಲಾಗಿ ತೇಲುತ್ತದೆ. ಉಗುರಿನಿಂದ ಒತ್ತಿದರೆ ಒಳ್ಳೆಯದರಿಂದ ತೈಲ ಜಿನುಗುತ್ತದೆ.

ಸಾಂದ್ರತೆ

ತೇಲುವುದು ಮತ್ತು ಮುಳುಗುವುದು ಸಾಂದ್ರತೆಯ ಮಾತು. ಕಾಳುಮೆಣಸಿಗೆ ಬೆರೆಸುವ ಒಣ ಪರಂಗಿ ಬೀಜವು ನೀರಿನಲ್ಲಿ ತೇಲುತ್ತದೆ. ತುಂಬಿದ ಮೆಣಸು ತಳ ಸೇರುತ್ತದೆ. ಟೊಳ್ಳು ಮೆಣಸೂ ತೇಲುವುದರಿಂದ ತೇಲಿದುದೆಲ್ಲ ಪರಂಗಿ ಬೀಜವೆನ್ನಲಾಗದು. ಅದನ್ನು ಒಡೆದು ನೋಡಬೇಕು. ಮೆಣಸಿನ ವ್ಯಾಪಾರದಲ್ಲಿ ‘ಲೀಟರ್ ತೂಕ’ವೆಂಬ ಮಾತು ರೂಢಿಯಲ್ಲಿದೆ. ಒಂದು ಲೀಟರ್ ಅಳತೆಯಲ್ಲಿ 500 ಗ್ರಾಂ ತೂಗುವ ಮೆಣಸಿಗಿಂತ 550 ಗ್ರಾಂ ತೂಗುವುದಕ್ಕೆ ಬೆಲೆ ಹೆಚ್ಚು.

ಮಕ್ಕಳ ಹೊಟ್ಟೆಶುದ್ಧಿಗೆ ಹಿಂದಿನವರು ಬಳಸುತ್ತಿದ್ದ ಹರಳೆಣ್ಣೆಯ ಸಾಪೇಕ್ಷ ಸಾಂದ್ರತೆ ಸುಮಾರು 0.96, ಕಡಲೆಕಾಯಿ ಎಣ್ಣೆಯದು 0.91ರ ಆಸುಪಾಸು. ಜೊತೆಗೆ ಹರಳೆಣ್ಣೆಯು ಮದ್ಯಸಾರದಲ್ಲಿ ಬೆರೆಯುತ್ತದೆ. ಇತರ ಸ್ಥಿರ ಎಣ್ಣೆಗಳು ಸಾಮಾನ್ಯವಾಗಿ ಬೆರೆಯುವುದಿಲ್ಲ. ಲವಂಗದ ತೈಲವು ನೀರಿಗಿಂತಲೂ ಭಾರವಾದ ಕೆಲವೇ ಸುಗಂಧ ತೈಲಗಳಲ್ಲಿ ಒಂದು.

ಬೆಳಕಿನ ಪರೀಕ್ಷೆಗಳು

ವಕ್ರೀಭವನ: ಬೆಳಕು ಎಣ್ಣೆಯೊಳಗೆ ಸಾಗುವಾಗ ಎಷ್ಟು ಬಾಗುತ್ತದೆಂಬುದನ್ನು ರಿಫ್ರಾಕ್ಟೋಮೀಟರ್ ಅಳೆಯುತ್ತದೆ. ಲವಂಗದ ತೈಲಕ್ಕೆ ಇದು ಸುಮಾರು 1.53, ಹರಳೆಣ್ಣೆಗೆ ಸುಮಾರು 1.48. ಒಂದು ಹನಿ ಸಾಕು, ಒಂದು ನಿಮಿಷ ಸಾಕು. ಆದ್ದರಿಂದಲೇ ಖರೀದಿಯ ಸ್ಥಳದಲ್ಲಿ ಇದು ಜನಪ್ರಿಯ.

ಬೆಳಕಿನ ತಿರುವು: ಸಸ್ಯಗಳಲ್ಲಿ ಹುಟ್ಟಿದ ಅನೇಕ ವಸ್ತುಗಳು ಧ್ರುವೀಕರಿಸಿದ ಬೆಳಕಿನ ತಲವನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತವೆ. ಕರ್ಪೂರವು ಇದಕ್ಕೆ ಸೊಗಸಾದ ನಿದರ್ಶನ. ಕರ್ಪೂರದ ಮರದಿಂದ ಬಂದದ್ದು ದ್ರಾವಣದಲ್ಲಿ ಬೆಳಕನ್ನು ಬಲಕ್ಕೆ ಸುಮಾರು 41ರಿಂದ 43 ಡಿಗ್ರಿಯಷ್ಟು ತಿರುಗಿಸುತ್ತದೆ. ಟರ್ಪೆಂಟೈನ್‌ನಿಂದ ಕಾರ್ಖಾನೆಯಲ್ಲಿ ತಯಾರಾದ ಕರ್ಪೂರದಲ್ಲಿ ಎಡ ಮತ್ತು ಬಲ ರೂಪಗಳು ಸಮವಾಗಿರುವುದರಿಂದ ತಿರುವು ಬಹುತೇಕ ಶೂನ್ಯ. ವಾಸನೆ ಒಂದೇ, ಬಿಳುಪು ಒಂದೇ, ಕರಗುವ ಉಷ್ಣತೆಯೂ ಸಮೀಪದ್ದೇ. ಬೆಳಕು ಮಾತ್ರ ಅವುಗಳ ಜನ್ಮಮೂಲವನ್ನು ಹೇಳುತ್ತದೆ. ಪೂಜೆಗೆಂದು ಮಾರುವ ಕರ್ಪೂರವನ್ನು ಔಷಧವಾಗಿ ಬಳಸಬಾರದು. ಯಾವುದೇ ಕರ್ಪೂರವನ್ನು ಮಕ್ಕಳು ನುಂಗಿದರೆ ಸೆಳವು ಬರುವ ಅಪಾಯವಿರುವುದರಿಂದ ಅದನ್ನು ಅವರ ಕೈಗೆ ಎಟುಕದಂತೆ ಇಡುವುದು ಅವಶ್ಯ.

ಕನ್ನಡನಾಡಿನ ಹೆಮ್ಮೆಯಾದ ಶ್ರೀಗಂಧದ ಎಣ್ಣೆಗೂ ಇದೇ ಮಾಪನ ಅನ್ವಯಿಸುತ್ತದೆ. ಮೈಸೂರಿನಲ್ಲಿ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಸ್ಥಾಪನೆಯಾದುದು ಸುವಿದಿತ. ನಿಜವಾದ ಗಂಧದೆಣ್ಣೆಯು ಬೆಳಕನ್ನು ಎಡಕ್ಕೆ ಸುಮಾರು 15ರಿಂದ 21 ಡಿಗ್ರಿ ತಿರುಗಿಸುತ್ತದೆ, ಶೇ. 70ರ ಮದ್ಯಸಾರದ ಐದು ಪಟ್ಟು ಪ್ರಮಾಣದಲ್ಲಿ ತಿಳಿಯಾಗಿ ಕರಗುತ್ತದೆ. ಬೇರೆ ಎಣ್ಣೆ ಬೆರೆತಾಗ ತಿರುವಿನ ಅಂಕಿ ಜರುಗುತ್ತದೆ ಅಥವಾ ದ್ರಾವಣವು ಕದಡುತ್ತದೆ.

ಪ್ರತಿದೀಪ್ತಿ: ಅತಿನೇರಳೆ ದೀಪದಡಿಯಲ್ಲಿ ಕೆಲವು ದ್ರವ್ಯಗಳು ತಮ್ಮದೇ ಬಣ್ಣದಲ್ಲಿ ಹೊಳೆಯುತ್ತವೆ. 254 ಮತ್ತು 366 ನ್ಯಾನೋಮೀಟರ್ ತರಂಗಗಳು ಇದಕ್ಕೆ ಬಳಕೆಯಾಗುತ್ತವೆ. ಅರಿಶಿನದ ಸಾರವು ಹಸಿರುಮಿಶ್ರಿತ ಹಳದಿಯಾಗಿ ಬೆಳಗುತ್ತದೆ. ಔಷಧದ ರೇವಲ್ಚಿನ್ನಿಗೆ ಅದರ ಕೀಳು ಜಾತಿಯು ಬೆರೆತಿದ್ದರೆ ನೀಲಿ ಹೊಳಪು ಎದ್ದುಕಾಣುತ್ತದೆ.

ಉಬ್ಬುವಿಕೆ ಮತ್ತು ನೊರೆ

ಇಸಬಗೋಲಿನ ಗುಣವಿರುವುದು ನೀರು ಹೀರಿ ಉಬ್ಬುವ ಅದರ ಲೋಳೆಯಲ್ಲಿ. 1 ಗ್ರಾಂ ದ್ರವ್ಯವನ್ನು 25 ಮಿಲಿಲೀಟರ್ ಅಳತೆಯ ಗಾಜಿನ ನಳಿಗೆಯಲ್ಲಿ ನೀರಿನೊಡನೆ ಹಾಕಿ, ಒಂದು ಗಂಟೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ಕುಲುಕಿ, ಮೂರು ಗಂಟೆ ಬಿಟ್ಟು, ಉಬ್ಬಿದ ಗಾತ್ರವನ್ನು ಓದುವುದು ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಕ್ರಮ. ಬಹಳವಾಗಿ ಉಬ್ಬುವ ಇಸಬಗೋಲಿನ ಸಿಪ್ಪೆಗೆ ಇನ್ನೂ ಕಡಿಮೆ ತೂಕವನ್ನು ತೆಗೆದುಕೊಂಡು ಲೆಕ್ಕ ಹಾಕುತ್ತಾರೆ. ಯುರೋಪಿನ ಔಷಧಕೋಶವು ಬೀಜಕ್ಕೆ ಕನಿಷ್ಠ 9, ಸಿಪ್ಪೆಗೆ ಕನಿಷ್ಠ 40 ಎಂಬ ಸೂಚ್ಯಂಕವನ್ನು ಕೇಳುತ್ತದೆ.

ಸೀಗೆಕಾಯಿ, ಅಂಟುವಾಳಗಳಿಗೆ ನೊರೆಯ ಪರೀಕ್ಷೆಯಿದೆ. 1 ಗ್ರಾಂ ಪುಡಿಯ ಕಷಾಯವನ್ನು 100 ಮಿಲಿಲೀಟರ್‌ಗೆ ತಂದು, ಹತ್ತು ನಳಿಗೆಗಳಲ್ಲಿ ಕ್ರಮವಾಗಿ 1ರಿಂದ 10 ಮಿಲಿಲೀಟರ್‌ನಷ್ಟು ಹಾಕಿ, ಎಲ್ಲವನ್ನೂ ನೀರಿನಿಂದ 10 ಮಿಲಿಲೀಟರ್‌ಗೆ ತುಂಬಿಸುತ್ತಾರೆ. 15 ಸೆಕೆಂಡು ಕುಲುಕಿ 15 ನಿಮಿಷ ಬಿಟ್ಟ ನಂತರ ಯಾವ ನಳಿಗೆಯಲ್ಲಿ ನೊರೆಯು ಒಂದು ಸೆಂಟಿಮೀಟರ್ ಎತ್ತರವಿದೆಯೋ ಅದರಲ್ಲಿರುವ ಕಷಾಯದ ಪ್ರಮಾಣದಿಂದ 1000ವನ್ನು ಭಾಗಿಸಿದರೆ ನೊರೆ ಸೂಚ್ಯಂಕ ದೊರೆಯುತ್ತದೆ. 4 ಮಿಲಿಲೀಟರ್ ನಳಿಗೆಯಾದರೆ ಸೂಚ್ಯಂಕ 250.

ಸೂಕ್ಷ್ಮದರ್ಶಕದ ನೆರವು

ಪುಡಿಯಾದ ದ್ರವ್ಯದಲ್ಲಿ ಕಣ್ಣು ಕೈಚೆಲ್ಲಿದಾಗ ಸೂಕ್ಷ್ಮದರ್ಶಕವು ಮುಂದುವರಿಯುತ್ತದೆ. ಪಿಷ್ಟದ ಕಣಗಳು, ರೋಮಗಳು, ಹರಳುಗಳು ಪ್ರತಿ ಸಸ್ಯಕ್ಕೂ ವಿಶಿಷ್ಟ. ಬೇಯಿಸಿ ಒಣಗಿಸಿದ ಅರಿಶಿನದಲ್ಲಿ ಪಿಷ್ಟವು ಅಂಟಿನ ಮುದ್ದೆಯಾಗಿರುತ್ತದೆ. ಅದರ ನಡುವೆ ಬಿಡಿಬಿಡಿಯಾದ ಪಿಷ್ಟಕಣಗಳು ಹೇರಳವಾಗಿ ಕಂಡರೆ ಅಕ್ಕಿ ಹಿಟ್ಟಿನಂತಹ ಬೆರಕೆಯನ್ನು ಶಂಕಿಸಬೇಕು.

ಇಲ್ಲಿಯೂ ಎಣಿಕೆಗೆ ಸ್ಥಾನವಿದೆ. ತಮಿಳುನಾಡಿನ ತಿರುನೆಲ್ವೇಲಿಯ ಹೆಸರನ್ನು ಜಗತ್ತಿಗೆಲ್ಲ ಒಯ್ದ ಸೋನಾಮುಖಿ ಎಲೆಯನ್ನೇ ನೋಡಬಹುದು. ಎಲೆಯ ಮೇಲ್ಪದರದಲ್ಲಿ ಪತ್ರರಂಧ್ರಗಳು ಒಟ್ಟು ಕೋಶಗಳ ಶೇಕಡ ಎಷ್ಟೆಂದು ಎಣಿಸಿದಾಗ ತಿರುನೆಲ್ವೇಲಿಯ ಎಲೆಗೆ 17ರಿಂದ 20, ಅಲೆಕ್ಸಾಂಡ್ರಿಯದ ಎಲೆಗೆ 11ರಿಂದ 13 ಬರುತ್ತದೆ. ಎರಡು ವ್ಯಾಪ್ತಿಗಳು ಒಂದನ್ನೊಂದು ಮುಟ್ಟದಿರುವುದರಿಂದ ಎಲೆಯ ಚಿಕ್ಕ ತುಣುಕಿನಿಂದಲೂ ಊರನ್ನು ಹೇಳಬಹುದು.

ಭೌತಿಕ ವಿಧಾನಗಳ ಮಿತಿ

ಈ ಪರೀಕ್ಷೆಗಳಲ್ಲಿ ಯಾವುದೊಂದೂ ತಾನೇ ಸಂಪೂರ್ಣವಲ್ಲ. ಬೂದಿ ಸರಿಯಿದ್ದು ಸಾರ ಹೋಗಿರಬಹುದು. ಸಾರ ಸರಿಯಿದ್ದು ಗಿಡವೇ ಬೇರೆಯಾಗಿರಬಹುದು. ಕಲಬೆರಕೆ ಮಾಡುವವರು ಒಂದು ಪರೀಕ್ಷೆಯನ್ನು ಬಲ್ಲರು, ಆರನ್ನು ಒಮ್ಮೆಗೇ ವಂಚಿಸುವುದು ಕಷ್ಟ. ಆದ್ದರಿಂದ ಔಷಧಕೋಶವು ಎಲ್ಲ ಅಂಕಿಗಳನ್ನೂ ಜೊತೆಯಾಗಿ ಕೇಳುತ್ತದೆ.

ಇನ್ನು ಭೌತಿಕ ವಿಧಾನಗಳಿಗೆ ಸರ್ವಥಾ ಕಾಣದ ದೋಷಗಳೂ ಇವೆ. ಭಾರಲೋಹಗಳು, ಕೀಟನಾಶಕಗಳ ಉಳಿಕೆ, ಅಫ್ಲಾಟಾಕ್ಸಿನ್, ರೋಗಾಣುಗಳು ಈ ಗುಂಪಿನವು. ಆಯುರ್ವೇದ ಔಷಧಕೋಶವು ಹತ್ತು ಲಕ್ಷ ಭಾಗಗಳಲ್ಲಿ ಸೀಸಕ್ಕೆ 10, ಆರ್ಸೆನಿಕ್‌ಗೆ 3, ಪಾದರಸಕ್ಕೆ 1, ಕ್ಯಾಡ್ಮಿಯಂಗೆ 0.3 ಭಾಗಗಳ ಮಿತಿಯನ್ನಿಟ್ಟಿದೆ. ಇಷ್ಟು ಸೂಕ್ಷ್ಮ ಪ್ರಮಾಣವನ್ನು ಅಳೆಯಲು ಸುಸಜ್ಜಿತ ಉಪಕರಣಗಳೇ ಬೇಕು.

ಪರೀಕ್ಷೆಯ ಅಗತ್ಯವು ಎಷ್ಟು ವ್ಯಾಪಕವೆಂಬುದಕ್ಕೆ ನಿಲವೇಂಬು ಕುಡಿನೀರು ಸಾಕ್ಷಿ. ನಾವು ನೆಲಬೇವು ಎನ್ನುವ ಗಿಡವನ್ನು ಮುಖ್ಯವಾಗಿ ಹೊಂದಿ, ಒಟ್ಟು ಒಂಬತ್ತು ದ್ರವ್ಯಗಳಿಂದಾದ ಈ ಸಿದ್ಧ ಚೂರ್ಣವನ್ನು ತಮಿಳುನಾಡು ಸರ್ಕಾರವು 2012ರ ಡೆಂಗೆ ಹಾವಳಿಯ ಸಂದರ್ಭದಿಂದ ವ್ಯಾಪಕವಾಗಿ ಹಂಚಿತು. 2020ರಲ್ಲಿ ಹದಿನೈದು ದ್ರವ್ಯಗಳ ಕಬಸುರ ಕುಡಿನೀರು ಮನೆಮನೆಗೂ ತಲುಪಿತು. ಬೇಡಿಕೆ ಒಮ್ಮೆಗೇ ಏರಿದಾಗ ಕಾಡಿನ ಗಿಡವು ಅದೇ ವೇಗದಲ್ಲಿ ಬೆಳೆಯುವುದಿಲ್ಲ. ಕೊರತೆಯ ಜಾಗವನ್ನು ತುಂಬುವುದು ಬದಲಿ ಗಿಡಗಳು. ಜನಸಾಮಾನ್ಯರು ಅತ್ಯಂತ ಹೆಚ್ಚು ನಂಬುವ ಹೊತ್ತಿನಲ್ಲಿಯೇ ಪರೀಕ್ಷೆಯು ಅತ್ಯಂತ ಅವಶ್ಯವಾಗಿರುತ್ತದೆ.

ಗೃಹಬಳಕೆಗೆ ಕೆಲವು ಸೂಚನೆಗಳು

1. ಸಾಧ್ಯವಾದಷ್ಟೂ ಇಡೀ ಬೇರು, ಇಡೀ ಕಾಯಿಯನ್ನೇ ಕೊಳ್ಳಿ. ಪುಡಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳಿ. ಪುಡಿಯು ಎಲ್ಲ ಗುರುತುಗಳನ್ನೂ ಮರೆಸುತ್ತದೆ.

2. ಕನ್ನಡದ ಹೆಸರಿನ ಜೊತೆಗೆ ತಮಿಳಿನ ಹೆಸರನ್ನೂ, ಸಾಧ್ಯವಿದ್ದರೆ ಸಸ್ಯನಾಮವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.

3. ಮುರಿದು ನೋಡಿ. ಚೆನ್ನಾಗಿ ಒಣಗಿದ ಬೇರು ಸದ್ದು ಮಾಡಿ ಮುರಿಯುತ್ತದೆ. ಬಳುಕುವುದು, ಮಗ್ಗುಲು ವಾಸನೆ ಬರುವುದು, ಹುಳು ಕೊರೆದದ್ದು ಬೇಡ.

4. ಇಂಗನ್ನು ನೀರಿನಲ್ಲಿ ಕದಡಿ ನೋಡಿ. ಹಾಲಿನಂತೆ ಬೆಳ್ಳಗಾಗುವುದು ಸಹಜ. ತಳದಲ್ಲಿ ಕಲ್ಲಿನ ಪುಡಿ ಕೂತರೆ ಅದು ಬೆರಕೆ.

5. ಮಳೆಗಾಲದಲ್ಲಿ ವರ್ಷಕ್ಕಾಗುವಷ್ಟು ಕೊಳ್ಳಬೇಡಿ. ಗಾಳಿಯಾಡದ ಗಾಜಿನ ಭರಣಿಯಲ್ಲಿಟ್ಟು, ತಂದ ದಿನಾಂಕವನ್ನು ಅಂಟಿಸಿ. ಬೂಷ್ಟು ಕಂಡದ್ದನ್ನು ಒರೆಸಿ ಬಳಸದೆ ಎಸೆಯಿರಿ.

6. ಶಿಶುಗಳು, ಗರ್ಭಿಣಿಯರು ಮತ್ತು ನಿತ್ಯವೂ ಬೇರೆ ಔಷಧ ಸೇವಿಸುವವರ ವಿಷಯದಲ್ಲಿ ಅರ್ಹ ವೈದ್ಯರ ಸಲಹೆಯಿಲ್ಲದೆ ಮೂಲಿಕೆಗಳನ್ನು ಪ್ರಯೋಗಿಸಬಾರದು. ಸೇವನೆಯ ನಂತರ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಉಳಿದ ಪೊಟ್ಟಣವನ್ನು ಎಸೆಯದೆ ಜೊತೆಗೆ ಒಯ್ಯಿರಿ. ಯಾವ ಗಿಡವೆಂದು ತಿಳಿಯಲು ಆ ತುಣುಕೇ ಆಧಾರ.

ಮೂಲಿಕೆಗಳನ್ನು ಕುರಿತು ಹೆಚ್ಚು ತಿಳಿಯಬಯಸುವವರಿಗೆ ನಗರದ ಅರುಂಬಾಕ್ಕಂ ಮತ್ತು ತಾಂಬರಂನ ಸಂಸ್ಥೆಗಳಲ್ಲದೆ ಕರ್ನಾಟಕದಲ್ಲಿಯೂ ಕೇಂದ್ರಗಳಿವೆ. ಬೆಂಗಳೂರಿನ ಯಲಹಂಕದ ಬಳಿ 1993ರಲ್ಲಿ ಆರಂಭವಾದ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯು ಔಷಧೀಯ ಸಸ್ಯಗಳ ಒಣಮಾದರಿಗಳ ದೊಡ್ಡ ಸಂಗ್ರಹವನ್ನು ಹೊಂದಿದೆ. ಉಡುಪಿಯ ಕುತ್ಪಾಡಿಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯ ಆಯುರ್ವೇದ ಸಂಶೋಧನಾ ಕೇಂದ್ರವಿದೆ.

ಹಿತ್ತಲಿನ ಗಿಡವನ್ನೇ ಕಿತ್ತು ಅರೆಯುತ್ತಿದ್ದ ಕಾಲದಲ್ಲಿ ಗಿಡದ ಪರಿಚಯವೇ ಪರೀಕ್ಷೆಯಾಗಿತ್ತು. ಇಂದು ಎಲ್ಲಿಯೋ ಕಿತ್ತ ಬೇರು ಹಲವು ಕೈಗಳನ್ನು ದಾಟಿ ಮಹಾನಗರದ ಅಂಗಡಿಗೆ ಬಂದು ನಮ್ಮ ಮನೆ ಸೇರುತ್ತದೆ. ಕಳೆದುಹೋದ ಆ ಪರಿಚಯದ ಸ್ಥಾನದಲ್ಲಿ ತಕ್ಕಡಿ, ಮೂಸೆ, ಮಸೂರಗಳು ನಿಂತಿವೆ. ಮೂಲಿಕೆಯ ಮೇಲೆ ಶ್ರದ್ಧೆಯುಳ್ಳವರು ಪರೀಕ್ಷೆಯನ್ನು ಅವಿಶ್ವಾಸವೆಂದು ಭಾವಿಸದೆ, ಆ ಶ್ರದ್ಧೆಯ ರಕ್ಷಣೆಯೆಂದೇ ತಿಳಿಯಬೇಕೆಂದು ನಾವು ಆಶಿಸುತ್ತೇವೆ.